ಜಪದ ಇನ್ನೊಂದರ್ಧ

‘ಹದಿಮೂರನೆಯ ಗಲ್ಲಿ’ ಧಾರಾವಾಹಿಯ ಕೊನೆಯ ಕಂತು ಮುಗಿದು ಪರದೆಯ ಮೇಲೆ ಹೆಸರುಗಳು ಓಡತೊಡಗಿದವು. ಪಾಸಿಂಗಳ ಊಟದಂಗಡಿಯಲ್ಲಿ ಕೂತಿದ್ದ ಮೂವತ್ತು ಜನರಲ್ಲಿ ಒಬ್ಬರೂ ಏಳಲಿಲ್ಲ. ಎರಡು ವರ್ಷ, ಪ್ರತಿ ಶುಕ್ರವಾರ ಸಂಜೆ, ಇಲೊಯಿಲೊ ಊರಿನ ಮೀನುಪೇಟೆಯ ಹಿಂದಿನ ಆ ಓಣಿಯಲ್ಲಿ ಈ ಧಾರಾವಾಹಿಗೋಸ್ಕರ ಅನ್ನದ ಗಡಿಗೆಗಳು ಬೇಗನೆ ಒಲೆಯಿಂದ ಇಳಿದಿದ್ದವು. ಬಕಾಲ್ ಎಂಬ ಬಾಡಿಗೆ ಕೊಲೆಗಾರನ ಕಥೆ ಅದು. ಒಂದು ಕಂತಿನಲ್ಲಿ ಗುಂಡು ಹಾರಿಸುತ್ತಿದ್ದ, ಮುಂದಿನ ಕಂತಿನಲ್ಲಿ ಅದಕ್ಕಾಗಿ ಅಳುತ್ತಿದ್ದ. ಕೊನೆಗೆ ಅವನ ಧಣಿಗಳೇ ಅವನನ್ನು ಹಡಗುಕಟ್ಟೆಯ ಮೇಲೆ ಹೊಡೆದು ಕೆಡವಿದರು. ಕಟ್ಟೆಯ ಕಾವಲುಗಾರ ಅದನ್ನು ಕಂಡ. ಕಂಡವನು ತನ್ನ ಗೂಡಿನ ದೀಪ ಆರಿಸಿ ಸುಮ್ಮನೆ ಕೂತ. ಹೆಣ ಕೆಸರಿಗೆ ಬಿತ್ತು, ಅಲೆ ಬಂದು ಎಳೆದುಕೊಂಡು ಹೋಯಿತು. ಅಷ್ಟೇ. ಶವಪೆಟ್ಟಿಗೆ ಇಲ್ಲ, ಮೇಣದಬತ್ತಿ ಇಲ್ಲ, ಎದೆ ಬಡಿದುಕೊಳ್ಳಲು ದೂರದ ಸಂಬಂಧಿಯೂ ಇಲ್ಲ.

“ಇದನ್ನ ಬರೆದೋರ ಕೈಗೆ ಹುಳ ಬೀಳ!” ಎಂದು ಪಾಸಿಂಗಳ ಸೊಸೆ ರೋಸ್‌ವೀ ಕಾಲಿನ ಚಪ್ಪಲಿ ತೆಗೆದು ಟೀವಿಯತ್ತ ಬೀಸಿದಳು. ಅದು ಟೀವಿಗೆ ತಾಗದೆ ಮೇಲಿದ್ದ ಬಾಲಯೇಸುವಿನ ಗೂಡಿಗೆ ತಾಗಿತು. ಅವಳು ತಕ್ಷಣ ಶಿಲುಬೆ ಗುರುತು ಹಾಕಿಕೊಂಡು, ಮತ್ತೆ ಬೈಯುವುದನ್ನು ಮುಂದುವರಿಸಿದಳು. “ಎರಡು ವರ್ಷ ನಮ್ಮನ್ನ ಕಾಯಿಸಿ, ಕೊನೇಗೆ ಮಣ್ಣೂ ಮಾಡ್ದೆ ಬಿಟ್ರಲ್ಲ!”

ಪಾಸಿಂಗ್ ಸೆರಗಿಲ್ಲದ ನಾಡಿನವಳು, ಅಡುಗೆಯ ಏಪ್ರನ್ನಿನಲ್ಲೇ ಮೂಗು ಒರೆಸಿಕೊಂಡಳು. “ಅಯ್ಯೋ ನನ್ನ ಬಕಾಲೇ, ನಿನಗೆ ಈ ಗತೀನಾ,” ಎಂದಳು. ಸ್ವಂತ ಗಂಡ ಸತ್ತಾಗಲೂ ಅವಳು ಇಷ್ಟು ಅತ್ತಿರಲಿಲ್ಲ, ಆದರೆ ಅವಳ ಗಂಡ ಬಕಾಲನಷ್ಟು ಚೆಲುವನೂ ಆಗಿರಲಿಲ್ಲ.

“ಆ ಕಾವಲುಗಾರ ನಾಯಿ! ಕಣ್ಣಾರೆ ನೋಡಿ ದೀಪ ಆರಿಸ್ದ ನೋಡಿ,” ಎಂದು ರೋಸ್‌ವೀ ಫೋನು ತೆಗೆದಳು. “ಇಲ್ಲೂ ಎಲ್ಲಾರೂ ಅವನಿಗೇ ಉಗೀತಿದಾರೆ. ಒಬ್ಬಳು ಬರೆದಿದಾಳೆ, ಕೊಂದೋರಿಗಿಂತ ಇವನೇ ದೊಡ್ಡ ಪಾಪಿ ಅಂತ.”

ಆಗ ಬಾಗಿಲ ಬಳಿ ನಿಂತಿದ್ದ ಉಲ್ದಾರಿಕೊಗೆ ಸಿಟ್ಟು ಬಂತು. ಅವನು ಈ ಓಣಿಯ ಕಾವಲುಗಾರ. ಇಪ್ಪತ್ತು ವರ್ಷದಿಂದ ಅದೇ ಸೀಟಿ, ಅದೇ ಬೆತ್ತದ ಕೋಲು, ಅದೇ ಮಾಸಿದ ನೀಲಿ ಟೋಪಿ. “ಅವನನ್ನ ಯಾಕೆ ಬೈತೀರಾ? ಅವನ ಕೈಲಿ ಏನಿತ್ತು? ಒಂದು ಟಾರ್ಚು. ಅವ್ರ ಕೈಲಿ ಏನಿತ್ತು, ನೋಡಿದ್ರಾ? ಅವನಿಗೂ ಹೆಂಡ್ತಿ ಮಕ್ಕಳು ಇರಲ್ವಾ?”

“ನಿಮಗ್ಯಾಕೆ ಅಣ್ಣಾ ಅಷ್ಟು ಉರಿ? ಅವನೇನು ನಿಮ್ಮ ಷಡ್ಕನಾ?” ಎಂದಳು ರೋಸ್‌ವೀ. ಎಲ್ಲರೂ ನಕ್ಕರು. ಉಲ್ದಾರಿಕೊ ನಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅದು ಎಲ್ಲ ನಾಡಿನ ಹೆಗಲಿಗೂ ಸಲ್ಲುವ ಮಾತು.

ಹಿಂದಿನ ಬೆಂಚಿನಲ್ಲಿ ಕೂತು ತಾಳೆಗರಿ ಸುತ್ತುತ್ತಿದ್ದ ತಿತಾಯ್ ಮಾತ್ರ ಅವನ ಮುಖವನ್ನು ನೋಡಿದಳು. ನೋಡಿ, ಮತ್ತೆ ಗರಿಯತ್ತ ಬಗ್ಗಿದಳು.

ಅವಳ ಪೂರ್ಣ ಹೆಸರು ರೆಸ್ಟಿಟುಟ ಪಾಲ್ಮೆಸ್. ವಯಸ್ಸು ಅರವತ್ತಾರು. ಓಣಿಗೆಲ್ಲ ಅವಳು ನಾಂಗ್ ತಿತಾಯ್, ಅಂದರೆ ತಿತಾಯಕ್ಕ. ಬೆಳಗಿನ ಹೊತ್ತು ಅವಳದು ಇಬೋಸ್ ವ್ಯಾಪಾರ. ತೆಂಗಿನ ಹಾಲಿನಲ್ಲಿ ನೆನೆದ ಅಂಟಕ್ಕಿಯನ್ನು ತಾಳೆಗರಿಯ ಕೊಳವೆಗೆ ತುಂಬಿ ಬೇಯಿಸಿ, ಬುಟ್ಟಿಯಲ್ಲಿ ಹೊತ್ತು ಮಾರುತ್ತಿದ್ದಳು. ಆದರೆ ಜನ ಅವಳನ್ನು ಗೌರವಿಸುತ್ತಿದ್ದದ್ದು ಇಬೋಸಿಗಲ್ಲ. ಯಾರ ಮನೆಯಲ್ಲಿ ಸಾವಾದರೂ ಒಂಬತ್ತು ದಿನ ಜಪ ನಡೆಸಲು ಕರೆ ಹೋಗುತ್ತಿದ್ದದ್ದು ಅವಳಿಗೆ. ಪಾದ್ರಿಗಳು ಬಂದು ಹೂಳಿ ಹೋಗುತ್ತಾರೆ, ಅವರಿಗೆ ಇನ್ನೂ ಹತ್ತು ಕೆಲಸ. ಆಮೇಲಿನ ಒಂಬತ್ತು ದಿನ ಆತ್ಮವನ್ನು ಕೈಹಿಡಿದು ದಾಟಿಸುವುದು ತಿತಾಯಳಂಥ ಹೆಂಗಸರ ಪಾಲು.

ಈ ವಿದ್ಯೆ ಅವಳಿಗೆ ಬಂದದ್ದು ಸೋದರತ್ತೆಯಿಂದ. ಜಪ ಎಂದರೆ ಎರಡು ಅರ್ಧ. ಮುಂದೆ ಕೂತವಳು ‘ನಮೋ ಮರಿಯಾ’ ಎಂದು ಮೊದಲರ್ಧ ಹೇಳುತ್ತಾಳೆ, ಸೇರಿದವರೆಲ್ಲ ‘ಸಂತ ಮರಿಯಾ’ ಎಂದು ಉಳಿದರ್ಧ ಹೇಳುತ್ತಾರೆ. ಒಂದು ಮಣಿ ಮುಗಿಯಬೇಕಾದರೆ ಎರಡು ದನಿ ಬೇಕು. “ಸತ್ತೋರ ಮನೆಯವ್ರು ಯಾವತ್ತೂ ಮುಂದೆ ಕೂರಬಾರ್ದು, ತಿಳ್ಕೊ,” ಎನ್ನುತ್ತಿದ್ದಳು ಅತ್ತೆ. “ಅವ್ರು ಉತ್ತರ ಹೇಳ್ಬೇಕು, ಅಷ್ಟೇ. ಅಳೋರಿಗೆ ಇನ್ನೊಬ್ಬರ ದನಿ ಊರುಗೋಲು.” ಹದಿನೇಳನೆಯ ವಯಸ್ಸಿಗೇ ತಿತಾಯಳಿಗೆ ಇಡೀ ಜಪ ಬಾಯಿಪಾಠವಾಗಿತ್ತು. ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದದ್ದು ಜನರ ಸಮಾಧಾನಕ್ಕೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳೇ ಮುಂದೆ ಕೂರಲಾಗದೆ ಉತ್ತರವನ್ನಷ್ಟೇ ಹೇಳಿದ್ದು ತನ್ನ ತಾಯಿಯ ಜಪಕ್ಕೆ. ತಾಯಿ ಹೆರಿಗೆಯಲ್ಲಿ ಹೋದಳು, ಕೂಸು ಉಳಿಯಿತು. ಮೆಲ್ಕಿಯಾದೆಸ್ ಎಂಬ ಸಂತರ ಹೆಸರಿಟ್ಟು, ಮೆಲ್ಕಿ ಎಂದು ಕರೆದು, ಅನ್ನದ ಗಂಜಿ ಕುಡಿಸಿ ತಮ್ಮನನ್ನು ಬೆಳೆಸಿದಳು. ಮದುವೆ ಪ್ರಸ್ತಾಪ ಎರಡು ಸಲ ಬಂದಿತ್ತು. ಎರಡೂ ಸಲ ಗಂಡಿನ ಕಡೆಯವರು, ಹುಡುಗನನ್ನು ಎಲ್ಲಾದರೂ ಬಿಡು ಎಂದರು. ಅವಳು ಗಂಡಿನ ಕಡೆಯವರನ್ನೇ ಬಿಟ್ಟಳು.

ಮೆಲ್ಕಿ ಸೈಕಲ್ ಗಾಡಿ ತುಳಿಯುತ್ತಿದ್ದ. ಪಕ್ಕದಲ್ಲಿ ಪೀಠ ಕಟ್ಟಿದ ಸಣ್ಣ ಗಾಡಿ. ಹಾಡುತ್ತ ತುಳಿಯುವವನು, ಸ್ವಲ್ಪ ಸೋಮಾರಿ, ಹೆಚ್ಚು ಉದಾರಿ. ದೇವರಂಥವನು ಎಂದು ನಾನು ಹೇಳಲಾರೆ, ತಿತಾಯಳೂ ಹೇಳಲಿಲ್ಲ. ಯಾರೋ ಕೊಟ್ಟ ಮಾದಕದ ಪೊಟ್ಟಣವನ್ನು ಒಂದೆರಡು ಸಲ ಗಾಡಿಯಲ್ಲಿ ದಾಟಿಸಿದ್ದ. ಅದು ಅವಳಿಗೆ ಗೊತ್ತಾಗಿ, ಸೌಟಿನಲ್ಲಿ ಬಾರಿಸಿ, ಚರ್ಚಿಗೆ ಎಳೆದುಕೊಂಡು ಹೋಗಿ ಪಾಪನಿವೇದನೆ ಮಾಡಿಸಿದ್ದಳು. ಅವನು ಬಿಟ್ಟೂ ಬಿಟ್ಟಿದ್ದ. ಆದರೆ ಹೆಸರು ಒಮ್ಮೆ ಬಾಯಿಗೆ ಬಿದ್ದರೆ ಬಿದ್ದಂತೆಯೇ. ಏಳು ವರ್ಷದ ಕೆಳಗೆ ಒಂದು ಮಂಗಳವಾರ, ನಡುಮಧ್ಯಾಹ್ನ, ಓಣಿಯ ತಿರುವಿನಲ್ಲಿ ಬೈಕಿನ ಮೇಲೆ ಬಂದ ಇಬ್ಬರು ಅವನನ್ನು ಗಾಡಿಯ ಮೇಲೆಯೇ ಹೊಡೆದು ಹೋದರು. ತಲೆಗೆ ಹೆಲ್ಮೆಟ್ಟು ಇತ್ತು, ಮುಖ ಕಾಣಲಿಲ್ಲ. ಯಾರು ಎಂದು ಯಾರೂ ಕೇಳಲಿಲ್ಲ. ಮಾದಕದ ಹೆಸರು ಅಂಟಿದವರನ್ನೆಲ್ಲ ಹೀಗೆ ಬೈಕಿನವರು ಕೊಂದು ಹೋಗುತ್ತಿದ್ದ ವರ್ಷ ಅದು, ಕೇಳಿದವರ ಮನೆಗೂ ಬೈಕು ಬರುತ್ತದೆ ಎಂಬ ಭಯ ಎಲ್ಲರಲ್ಲೂ ಕೂತಿತ್ತು.

ತಿತಾಯ್ ಪಾಸಿಂಗಳಿಂದ ನಲವತ್ತು ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದಲ್ಲಿ ಹಾಕಿದಳು. ದೊಡ್ಡ ಪಾತ್ರೆಯಲ್ಲಿ ಶುಂಠಿ ಗಂಜಿ ಮಾಡಿದಳು. ಕಾಫಿ ಕಾಯಿಸಿದಳು. ಸಾವಿನ ಮನೆಗೆ ಹಗೆಯವನೂ ಬರುತ್ತಾನೆ ಎಂಬುದು ಅವಳು ನಂಬಿದ್ದ ಮಾತು. ಒಬ್ಬರೂ ಬರಲಿಲ್ಲ. ಪಾಸಿಂಗ್ ಕುರ್ಚಿ ಕೊಟ್ಟಳು, ಕೂರಲು ಬರಲಿಲ್ಲ. ಆ ಒಂಬತ್ತು ದಿನ ಜನ ಮಾರ್ಕೆಟ್ಟಿಗೂ ಬೇರೆ ದಾರಿ ಹಿಡಿದು ಹೋದರು.

ಮೊದಲ ದಿನ ಮೂರು ಗಂಟೆಗೆ ಅವಳು ಖಾಲಿ ಕುರ್ಚಿಗಳ ಮುಂದೆ ಕೂತು ‘ನಮೋ ಮರಿಯಾ’ ಎಂದಳು. ಮೊದಲರ್ಧ ಮುಗಿಯಿತು. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತು ಕಾದಳು. ಆಮೇಲೆ ತಾನೇ ‘ಸಂತ ಮರಿಯಾ’ ಎಂದು ಉಳಿದರ್ಧವನ್ನೂ ಹೇಳಿದಳು. ಒಂದು ಜಪಸರಕ್ಕೆ ಐವತ್ತಮೂರು ಮಣಿ. ಒಂಬತ್ತು ದಿನ, ಪ್ರತಿ ಮಣಿಗೂ ಎರಡೂ ಅರ್ಧ ಅವಳದೇ ಬಾಯಿ. ಕೊನೆಯ ದಿನ ಗಂಟಲು ಕಟ್ಟಿ, ಉತ್ತರದ ಅರ್ಧ ಬರೀ ಗಾಳಿಯಾಗಿ ಹೊರಬಂತು. ಅದು ದೇವರಿಗೆ ಕೇಳಿಸಿತೋ ಇಲ್ಲವೋ ಎಂಬ ಸಂಶಯ ಅವಳನ್ನು ಏಳು ವರ್ಷವೂ ಬಿಡಲಿಲ್ಲ.

ವರ್ಷ ತುಂಬಿದಾಗ ಮನೆಮನೆಗೆ ಹೋಗಿ, ಈಗಲಾದರೂ ಒಂದು ದಿನ ಬನ್ನಿ ಎಂದು ಕೇಳಿದಳು. ಒಬ್ಬಳಿಗೆ ಜ್ವರ, ಒಬ್ಬಳಿಗೆ ಬಟ್ಟೆ ಒಗೆಯುವುದಿತ್ತು, ಇನ್ನೊಬ್ಬಳು ಕೋಳಿ ಕಾವಿಗೆ ಕೂತಿದೆ ಎಂದಳು. ಕೋಳಿ ಕಾವಿಗೆ ಕೂತರೆ ಇವಳಿಗೇನು ಕೆಲಸ ಎಂದು ತಿತಾಯ್ ಕೇಳಲಿಲ್ಲ. ಅವರ ಮನೆಗಳಲ್ಲಿ ಸಾವಾದಾಗ ಮಾತ್ರ ತಪ್ಪದೆ ಹೋಗಿ ಮುಂದೆ ಕೂತಳು. ದೊಡ್ಡ ಮನಸ್ಸಿನಿಂದ ಎಂದು ಓಣಿಯವರು ಅಂದುಕೊಂಡರು. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ನಾನು ಸಾಯುವುದರೊಳಗೆ ಈ ಬಾಯಿಗಳಿಂದಲೇ ನನ್ನ ತಮ್ಮನ ಹೆಸರಿಗೆ ಉತ್ತರ ಹೇಳಿಸುತ್ತೇನೆ ಎಂದು ಅವಳು ಹಟ ತೊಟ್ಟಿದ್ದಳು. ಅದಕ್ಕೆ ಆ ಬಾಯಿಗಳ ಹತ್ತಿರವೇ ಇರಬೇಕಲ್ಲ.

ಶನಿವಾರ ಬೆಳಿಗ್ಗೆ ಅವಳು ಇಬೋಸ್ ಗಡಿಗೆ ಇಳಿಸುತ್ತಿದ್ದಾಗ ಪಾಸಿಂಗ್, ರೋಸ್‌ವೀ ಮತ್ತು ನಾಲ್ಕೈದು ಹೆಂಗಸರು ಅಂಗಳಕ್ಕೆ ಬಂದು ನಿಂತರು. ಎಲ್ಲರ ಕಣ್ಣುಗಳೂ ಊದಿದ್ದವು.

“ನಾಂಗ್, ನೀವು ಇಲ್ಲ ಅನ್ಬಾರ್ದು,” ಎಂದಳು ಪಾಸಿಂಗ್. “ಬಕಾಲಂಗೆ ಒಂಬತ್ತು ದಿನ ಮಾಡ್ಬೇಕು. ನಮ್ಮಂಗಡೀಲೇ ಮಾಡೋಣ. ಗಂಜಿ, ಕಾಫಿ ಎಲ್ಲಾ ನಂದು.”

ತಿತಾಯ್ ಗಡಿಗೆಯನ್ನು ನೆಲಕ್ಕಿಟ್ಟಳು. “ನಿಮಗೆಲ್ಲ ತಲೆ ಸರಿ ಇದ್ಯಾ? ಈಗ ತಾನೆ ರೇಡಿಯೋದಲ್ಲಿ ಆ ನಟ ಮಾತಾಡ್ತಿದ್ದ. ಕಿಸಿಕಿಸಿ ನಗ್ತಿದ್ದ.”

“ನಟ ಬದುಕಿದಾನೆ ನಾಂಗ್, ಅಷ್ಟು ನಮಗೂ ಗೊತ್ತು,” ಎಂದಳು ರೋಸ್‌ವೀ, ದಡ್ಡರಿಗೆ ಬಿಡಿಸಿ ಹೇಳುವವರ ತಾಳ್ಮೆಯಿಂದ. “ಸತ್ತೋನು ಬಕಾಲ್. ಮನಿಲಾದಲ್ಲಿ ಜನ ಹಡಗುಕಟ್ಟೆ ಮೇಲೆ ಹೂವು ಇಟ್ಟಿದಾರೆ. ಸೆಬುನಲ್ಲಿ ಆಳೆತ್ತರದ ಚಿತ್ರ ಮಾಡಿಸಿದಾರೆ. ನಾವೇನು ಕಮ್ಮಿ?”

“ಜಪ ಆಟದ ಸಾಮಾನಲ್ಲ, ಹುಡುಗೀ. ಇಲ್ಲದೋರ ಆತ್ಮಕ್ಕೆ ಜಪ ಮಾಡಿದ್ರೆ ನನ್ನ ಅತ್ತೆ ಗೋರಿಯಿಂದ ಎದ್ದು ಬಂದು ನನ್ನ ಕಿವಿ ಹಿಂಡ್ತಾಳೆ. ಹೋಗಿ, ನಿಮ್ಮ ಕೆಲಸ ನೋಡಿ.”

ಹೆಂಗಸರು ಮುಖ ಮುಖ ನೋಡಿಕೊಂಡರು. ಪಾಸಿಂಗ್ ಮತ್ತೆ ಏಪ್ರನ್ನಿನಲ್ಲಿ ಮೂಗು ಒರೆಸಿಕೊಂಡಳು. “ಎಷ್ಟೇ ಪಾಪ ಮಾಡಿರ್ಲಿ ನಾಂಗ್, ಅವನೂ ತಾಯಿ ಹೊಟ್ಟೇಲಿ ಹುಟ್ಟಿದೋನಲ್ವಾ? ಒಂದು ಜಪಾನೂ ಇಲ್ದೆ ಹಾಗೇ ಕಳಿಸ್ಬಿಡೋಕಾಗುತ್ತಾ? ನಾವು ಮನುಷ್ಯರಲ್ವಾ?”

ತಿತಾಯ್ ಅವಳನ್ನೇ ನೋಡಿದಳು. ಪಾಸಿಂಗಳಿಗೆ ತಾನು ಏನು ಹೇಳಿದೆ ಎಂಬ ಪರಿವೆಯೇ ಇರಲಿಲ್ಲ. ಏಳು ವರ್ಷದ ಹಿಂದೆ ಈ ಮಾತಿನ ಕಾಲುಭಾಗ ಸಿಕ್ಕಿದ್ದರೆ ತಿತಾಯ್ ಅವಳ ಕಾಲಿಗೆ ಬೀಳುತ್ತಿದ್ದಳು. ಮೊದಲು ಸಿಟ್ಟು ಬಂತು, ಬಿಸಿ ಗಡಿಗೆಯನ್ನು ಎತ್ತಿ ಅಂಗಳಕ್ಕೆ ಸುರಿಯುವಷ್ಟು. ಆಮೇಲೆ ಆ ಸಿಟ್ಟು ತಣ್ಣಗಾಗಿ ಗಟ್ಟಿಯಾಯಿತು. ಗಾಳಿ ಬಂದಾಗಲೇ ತೂರಿಕೊಳ್ಳಬೇಕು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಇನ್ನೊಂದ್ಸಲ ಹೇಳು,” ಎಂದಳು.

“ಏನು?”

“ಈಗ ಹೇಳಿದ್ದು.”

ಪಾಸಿಂಗ್ ಗೊಂದಲದಿಂದಲೇ ಮತ್ತೆ ಹೇಳಿದಳು, ತಾಯಿ ಹೊಟ್ಟೆ, ಜಪ, ಮನುಷ್ಯರು, ಎಲ್ಲವನ್ನೂ.

“ಸರಿ, ಮಾಡ್ತೀನಿ. ಇವತ್ತಿಂದ ಒಂಬತ್ತು ದಿನ, ಮೂರು ಗಂಟೆಗೆ. ನಾನು ಮೊದಲರ್ಧ ಹೇಳ್ತೀನಿ, ಉತ್ತರ ನೀವು ಹೇಳ್ಬೇಕು. ಗಟ್ಟಿಯಾಗಿ. ಒಪ್ಪಿಗೆನಾ?”

“ಒಪ್ಪಿಗೆ, ನಾಂಗ್! ದೇವ್ರಾಣೆ!”

“ಇನ್ನೊಂದು. ಬಕಾಲ್ ಅನ್ನೋದು ಅಡ್ಡ ಹೆಸರು. ಅಡ್ಡ ಹೆಸರಿಗೆ ಜಪ ಇಲ್ಲ. ಜ್ಞಾನಸ್ನಾನದ ಹೆಸರೇನು ಅವನದು?”

ಎರಡು ವರ್ಷ ನೋಡಿದ ಒಬ್ಬರಿಗೂ ಗೊತ್ತಿರಲಿಲ್ಲ. ರೋಸ್‌ವೀ ಫೋನಿನಲ್ಲಿ ಹುಡುಕಿದಳು. ಅಲ್ಲಿಯೂ ಜನ ಅದೇ ವಿಷಯಕ್ಕೆ ಕಚ್ಚಾಡುತ್ತಿದ್ದರು. “ಬರೆದೋರು ಹೆಸರೇ ಇಟ್ಟಿಲ್ವಂತೆ, ನಾಂಗ್!”

“ಪರವಾಗಿಲ್ಲ,” ಎಂದಳು ತಿತಾಯ್. “ಹೆಸರು ನಾನು ತರ್ತೀನಿ.”

ಮಧ್ಯಾಹ್ನ ಅವಳು ಸ್ನಾನ ಮಾಡಿ, ಏಳು ವರ್ಷದಿಂದ ಪೆಟ್ಟಿಗೆಯಲ್ಲಿದ್ದ ಕಪ್ಪು ಉಡುಪು ತೊಟ್ಟಳು. ಅದರ ಅಡಿಯಲ್ಲಿದ್ದ ಮೆಲ್ಕಿಯ ಗಾಡಿ ಪರವಾನಗಿಯ ಪುಟ್ಟ ಫೋಟೋವನ್ನು ಜಪದ ಪುಸ್ತಕದೊಳಗೆ ಇಟ್ಟುಕೊಂಡಳು. ಕದ್ದುಮುಚ್ಚಿ ಹೆಸರು ತೂರಿಸುವ ಯೋಚನೆ ಒಮ್ಮೆ ಬಂದಿತ್ತು. ಅದನ್ನು ಅಲ್ಲೇ ಬಿಟ್ಟಳು. ಗೊತ್ತಿಲ್ಲದೆ ಹೇಳಿದ ಉತ್ತರ ಅವಳಿಗೆ ಬೇಕಿರಲಿಲ್ಲ.

ಅಂಗಡಿಯಲ್ಲಿ ಬೆಂಚುಗಳನ್ನು ಸರಿಸಿ ಕುರ್ಚಿ ಹಾಕಿದ್ದರು. ಅವೇ ಕುರ್ಚಿಗಳು, ಒಂದರ ಕೈ ಮುರಿದದ್ದು ಈಗಲೂ ಹಾಗೇ ಇತ್ತು. ಜನ ಅಂದು ಬಾರದ್ದಕ್ಕೆ ಬಡ್ಡಿ ಸೇರಿಸಿದಂತೆ ತುಂಬಿದ್ದರು. ಟೀವಿಯ ಕೆಳಗೆ ಬಕಾಲನ ದೊಡ್ಡ ಚಿತ್ರ, ಮುಂದೆ ಮೇಣದಬತ್ತಿ, ಒಂದು ತಟ್ಟೆಯಲ್ಲಿ ಅವನಿಗೆ ಪ್ರಿಯವೆಂದು ಧಾರಾವಾಹಿಯಲ್ಲಿ ತೋರಿಸಿದ್ದ ಸುಟ್ಟ ಬಾಳೆಹಣ್ಣು. ತಿತಾಯ್ ಪುಸ್ತಕದಿಂದ ತಮ್ಮನ ಫೋಟೋ ತೆಗೆದು ಆ ಚಿತ್ರದ ಮುಂದೆ ಒರಗಿಸಿ ಇಟ್ಟಳು. ಜನರ ಕಡೆ ತಿರುಗಿದಳು.

“ನಿಮ್ಮ ಬಕಾಲನಿಗೆ ಯಾವ ಪಾದ್ರೀನೂ ಹೆಸರಿಟ್ಟಿಲ್ಲ. ಹೆಸರಿಲ್ಲದ ಜಪ ನಿಲ್ಲಲ್ಲ. ನನ್ನ ಹತ್ರ ಉತ್ತರ ಸಿಗದ ಒಂದು ಹೆಸರಿದೆ. ಮೆಲ್ಕಿಯಾದೆಸ್ ಪಾಲ್ಮೆಸ್, ನನ್ನ ತಮ್ಮ. ನಿಮ್ಮಲ್ಲಿ ಎಷ್ಟೋ ಜನರನ್ನ ಮಳೇಲಿ ಗಾಡಿ ಮೇಲೆ ಕೂರಿಸ್ಕೊಂಡು ಮನೆ ಮುಟ್ಟಿಸಿದೋನು. ಈ ಒಂಬತ್ತು ದಿನ ಅವನ ಹೆಸರಲ್ಲಿ ನಡೆಯುತ್ತೆ. ಬಕಾಲನಿಗೆ ಅಳೋರು ಅಳಿ, ಬೇಡ ಅನ್ನಲ್ಲ. ಹೋಗೋರು ಈಗಲೇ ಹೋಗಿ.”

ಏಳೆಂಟು ಜನ ತಲೆ ತಗ್ಗಿಸಿ ಎದ್ದು ಹೋದರು. ಪಾಸಿಂಗ್ ಸೌಟು ಹಿಡಿದು ನಿಂತಲ್ಲೇ ನಿಂತು, “ಅದನ್ನೆಲ್ಲ ಈಗ್ಯಾಕೆ, ನಾಂಗ್...” ಎಂದಳು.

“ನೀನೇ ಹೇಳಿದ್ಯಲ್ಲ, ಪಾಸಿಂಗ್. ಎರಡು ಸಲ.”

ಬಾಗಿಲಲ್ಲಿ ನಿಂತಿದ್ದ ಉಲ್ದಾರಿಕೊ ಹಿಂದೆ ಹಿಂದೆ ಸರಿದು, ರಸ್ತೆ ದಾಟಿ ತನ್ನ ಕಾವಲು ಗೂಡಿನ ಬಳಿ ಹೋಗಿ ನಿಂತ.

ತಿತಾಯ್ ಕೂತು, ಜಪಸರ ಹಿಡಿದು, ‘ನಮೋ ಮರಿಯಾ’ ಎಂದಳು. ಮೊದಲರ್ಧ ಸ್ಪಷ್ಟವಾಗಿ ಹೇಳಿ ನಿಲ್ಲಿಸಿದಳು.

ಉತ್ತರವಿಲ್ಲ. ಫ್ಯಾನು ತಿರುಗುತ್ತಿತ್ತು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ನಾಲಿಗೆ ತಾನಾಗಿಯೇ ಉಳಿದರ್ಧದ ಕಡೆ ಹೊರಳಿತು, ಆ ಒಂಬತ್ತು ದಿನದ ಅಭ್ಯಾಸ. ಅವಳು ಹಲ್ಲು ಕಚ್ಚಿ ಅದನ್ನು ತಡೆದಳು. ಇಲ್ಲ, ಹೇಳುವುದಿಲ್ಲ. ಸಂಜೆಯಾಗಲಿ, ಬೆಳಗಾಗಲಿ, ಈ ಒಂದು ಮಣಿಯ ಮೇಲೆ ಬೆರಳಿಟ್ಟುಕೊಂಡೇ ಕೂರುತ್ತೇನೆ. ಅಂದು ಈ ಮೌನವನ್ನು ನಾನೊಬ್ಬಳೇ ನುಂಗಿದೆ, ಇಂದು ಇವರು ನುಂಗಲಿ.

ಕುರ್ಚಿಗಳು ಕಿರುಗುಟ್ಟಿದವು. ಯಾರೋ ಕೆಮ್ಮಿದರು. ಗಂಜಿ ಉಕ್ಕಿ ಒಲೆಗೆ ಸುರಿಯಿತು, ಆರಿಸಲು ಪಾಸಿಂಗ್ ಹೋಗಲಿಲ್ಲ.

ಆಗ, “ಸಂತ ಮರಿಯಾ,” ಎಂದು ಒಂದು ಎಳೆಯ ದನಿ ಬಂತು. ರೋಸ್‌ವೀ. ಅವಳು ಈ ಓಣಿಗೆ ಸೊಸೆಯಾಗಿ ಬಂದು ಎರಡೇ ವರ್ಷ. ಮೆಲ್ಕಿ ಯಾರೆಂದು ಅವಳಿಗೆ ಗೊತ್ತಿಲ್ಲ, ಯಾಕೆ ಹೆದರಬೇಕೆಂದೂ ಗೊತ್ತಿಲ್ಲ. ಮೊದಲರ್ಧ ಕೇಳಿಸಿತು, ಉತ್ತರ ಕೊಡಬೇಕು ಎಂಬಷ್ಟೇ ಅವಳ ಲೆಕ್ಕ. ಇಷ್ಟು ಜನ ಬಾಯಿ ಕಟ್ಟಿ ಕೂತದ್ದನ್ನು ನೋಡಿ ಅವಳಿಗೆ ಸಿಟ್ಟು ಬಂದು, ಉಳಿದರ್ಧವನ್ನು ಕೂಗಿಯೇ ಮುಗಿಸಿದಳು.

ತಿತಾಯಳ ಬೆರಳು ಎರಡನೆಯ ಮಣಿಗೆ ಜಾರಿತು. ಮೂರು ಮಣಿ ರೋಸ್‌ವೀ ಒಬ್ಬಳೇ. ನಾಲ್ಕನೆಯದಕ್ಕೆ ಪಾಸಿಂಗಳ ಒಡಕು ದನಿ ಸೇರಿತು. ಹತ್ತನೆಯ ಮಣಿಯ ಹೊತ್ತಿಗೆ ಇಡೀ ಅಂಗಡಿ ಹೇಳುತ್ತಿತ್ತು, ಕೆಲವರು ಅಳುತ್ತ, ಕೆಲವರು ನೆಲ ನೋಡುತ್ತ. ತಿತಾಯ್ ಅಳಲಿಲ್ಲ. ಮುಂದೆ ಕೂತವಳು ಅತ್ತರೆ ಜಪ ತಪ್ಪುತ್ತದೆ.

ಮುಗಿದ ಮೇಲೆ ಕಾಫಿ ಕುಡಿಯುತ್ತ ಕೂತವಳಿಗೆ ಪರದೆಯ ಆಚೆ ಅತ್ತೆ ಸೊಸೆಯ ಪಿಸುಮಾತು ಕೇಳಿಸಿತು. ಪಾಸಿಂಗ್ ಎಲ್ಲ ಹೇಳಿ ಮುಗಿಸಿದ್ದಳು.

“ಮತ್ತೆ ನೀವು ಹೋಗಿರ್ಲಿಲ್ವಾ, ಅತ್ತೆ?”

“ಕುರ್ಚಿ ಕೊಟ್ಟಿದ್ದೆ.”

“ಕುರ್ಚಿ ಜಪ ಮಾಡುತ್ತಾ?”

ಮರುದಿನ ಪಾಸಿಂಗ್ ಎರಡೂವರೆಗೇ ಬಂದು ಮೊದಲ ಸಾಲಿನ ಕೈಮುರಿದ ಕುರ್ಚಿಯಲ್ಲಿ ಅವಳೇ ಕೂತಳು.

ಎರಡನೆಯ ದಿನ ಹದಿನೈದು ಜನ, ಮೂರನೆಯ ದಿನ ಒಂಬತ್ತು. ಹಳೆಯ ಭಯ ಅಷ್ಟು ಬೇಗ ಸಾಯುವ ಪ್ರಾಣಿಯಲ್ಲ. ತಿತಾಯ್ ಎಷ್ಟು ಜನ ಎಂದು ಹಿಂದಿರುಗಿ ನೋಡಲಿಲ್ಲ, ಮೂರು ಗಂಟೆಗೆ ಕೂತಳು, ಶುರು ಮಾಡಿದಳು. ಐದನೆಯ ದಿನ ಹಿಂದಿನ ಓಣಿಯ ಒಬ್ಬ ಮೀನು ಒಣಗಿಸುವ ಹೆಂಗಸು ಬಂದು, ಮಡಿಚಿದ ಚೀಟಿಯನ್ನು ಅವಳ ಕೈಗಿಟ್ಟಳು. “ನಮ್ಮ ಯಜಮಾನ್ರ ಹೆಸರು, ನಾಂಗ್. ಅವ್ರಿಗೂ ಯಾರೂ ಬಂದಿರ್ಲಿಲ್ಲ. ಜೊತೇಲಿ ಸೇರಿಸ್ತೀರಾ?” ತಿತಾಯ್ ಸೇರಿಸಿದಳು. ಆರನೆಯ ದಿನ ಇನ್ನೂ ಎರಡು ಚೀಟಿ ಬಂದವು. ಏಳನೆಯ ದಿನ ಮಳೆ ಬಂತು. ಸೌದೆ ನೆನೆಯುತ್ತಿದೆ ಎಂದು ರೋಸ್‌ವೀ ಬಕಾಲನ ದೊಡ್ಡ ಚಿತ್ರವನ್ನು ಕಿತ್ತು ಸೌದೆಯ ಮೇಲೆ ಹೊದಿಸಿದಳು. ಅದನ್ನು ಮತ್ತೆ ತಂದು ಕಟ್ಟಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಈ ಎಂಟು ದಿನವೂ ಉಲ್ದಾರಿಕೊ ರಸ್ತೆಯಾಚೆ ನಿಂತೇ ಇದ್ದ. ಮೂರಕ್ಕೆ ಬಂದು ಟೋಪಿ ತೆಗೆಯುತ್ತಿದ್ದ, ಮುಗಿದ ಮೇಲೆ ಹಾಕಿಕೊಂಡು ಹೋಗುತ್ತಿದ್ದ. ತಿತಾಯ್ ಅವನನ್ನು ಕರೆಯಲಿಲ್ಲ. ಕರೆದು ತರಿಸಿಕೊಂಡ ಉತ್ತರವೂ ಅವಳಿಗೆ ಬೇಕಿರಲಿಲ್ಲ.

ಒಂಬತ್ತನೆಯ ದಿನ ಭಾನುವಾರ. ಕುರ್ಚಿಗಳು ಸಾಲದೆ ಜನ ಬಾಗಿಲಾಚೆಗೂ ನಿಂತಿದ್ದರು. ಮೊದಲ ದಿನ ಎದ್ದು ಹೋದವರಲ್ಲಿ ಹೆಚ್ಚಿನವರು ಇದ್ದರು. ತಿತಾಯ್ ಇನ್ನೇನು ಜಪಸರ ಎತ್ತಬೇಕು, ಅಷ್ಟರಲ್ಲಿ ಉಲ್ದಾರಿಕೊ ರಸ್ತೆ ದಾಟಿ ಒಳಗೆ ಬಂದ. ಕೋಲನ್ನು ಬಾಗಿಲಿಗೆ ಒರಗಿಸಿದ. ನೇರ ಅವಳ ಮುಂದೆ ಬಂದು ನಿಂತ.

“ನಾಂಗ್, ಅವತ್ತು ಮನೆ ಮನೆಗೆ ಹೋಗಿ, ನಿಮ್ಮನೆಗೆ ಯಾರೂ ಹೋಗ್ಬೇಡಿ ಅಂದೋನು ನಾನೇ.”

“ಗೊತ್ತು.”

“ಯಾವಾಗಿಂದ?”

“ಅವತ್ತಿಂದಾನೇ. ನಿನ್ನ ಕೋಲಿನ ಸದ್ದು ಒಂದೊಂದೇ ಬಾಗಿಲಲ್ಲಿ ಕೇಳಿಸ್ತು. ನನ್ನ ಬಾಗಿಲೊಂದು ಬಿಟ್ಟು.”

“ತಿರುವಿನಲ್ಲಿ ನಾನಿದ್ದೆ, ನಾಂಗ್. ನೋಡಿದೆ. ಗೋಡೆ ಕಡೆ ತಿರುಗಿ ನಿಂತ್ಕೊಂಡೆ. ಮುಖ ಕಾಣ್ಲಿಲ್ಲ, ಅದಂತೂ ನಿಜ. ಆದ್ರೆ ಅವನು ಕೂಗಿದ್ದು ಕೇಳಿಸ್ತು. ನಾನು ಹೋಗ್ಲಿಲ್ಲ. ಏಳು ವರ್ಷ ನೀವು ನನಗೆ ಒಂದು ಮಾತೂ ಬೈಲಿಲ್ಲ.”

“ಬೈದಿದ್ರೆ ನಿನಗೆ ಹಗುರ ಆಗ್ತಿತ್ತು.”

ಉಲ್ದಾರಿಕೊ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. “ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ.”

“ಒಳ್ಳೇದು. ಇನ್ನೂ ಕ್ಷಮಿಸಿಲ್ಲ. ಮತ್ತೆ ಯಾಕೆ ಬಂದೆ?”

“ನೀವು ಆ ಕುರ್ಚಿಯಿಂದ ಏಳಿ,” ಎಂದ ಅವನು. “ಸತ್ತೋರ ಮನೆಯವ್ರು ಮುಂದೆ ಕೂರಬಾರ್ದು ಅಂತ ನೀವೇ ಎಲ್ಲಾರ ಮನೇಲೂ ಹೇಳ್ತಿದ್ರಿ. ಇಪ್ಪತ್ತು ವರ್ಷ ಬಾಗಿಲಲ್ಲಿ ನಿಂತು ನಿಮ್ಮ ಜಪ ಕೇಳಿದೀನಿ. ಮೊದಲರ್ಧ ನಂಗೆ ಬರುತ್ತೆ. ತಪ್ಪಿದ್ರೆ ತಿದ್ದಿ.”

ಇದನ್ನು ತಿತಾಯ್ ಎಣಿಸಿರಲಿಲ್ಲ. ಉತ್ತರ ಬೇಕೆಂದು ಏಳು ವರ್ಷ ಹಟ ಹಿಡಿದವಳಿಗೆ, ಆ ಉತ್ತರದ ಸಾಲಿನಲ್ಲಿ ತನಗೂ ಒಂದು ಜಾಗ ಇದೆ ಎಂಬುದೇ ಮರೆತುಹೋಗಿತ್ತು. ಅವಳು ಜಪಸರವನ್ನು ನೋಡಿದಳು. ಫೋಟೋದಲ್ಲಿದ್ದ ತಮ್ಮನನ್ನು ನೋಡಿದಳು. ಆಮೇಲೆ ಸರವನ್ನು ಉಲ್ದಾರಿಕೊನ ಕೈಯಲ್ಲಿಟ್ಟು ಎದ್ದಳು. ಮೊದಲ ಸಾಲಿನಲ್ಲಿ ರೋಸ್‌ವೀ ಜಾಗ ಬಿಟ್ಟಳು. ಪಾಸಿಂಗ್ ತಾನು ಕೂತಿದ್ದ ಕೈಮುರಿದ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಅವಳ ಮಂಡಿಯ ಮೇಲೆ ಕೈಯಿಟ್ಟಳು. ತಿತಾಯ್ ಆ ಕೈಯನ್ನು ತೆಗೆಯಲಿಲ್ಲ.

ಉಲ್ದಾರಿಕೊ ಮುಂದೆ ಕೂತ. ಮೆಲ್ಕಿಯಾದೆಸ್ ಪಾಲ್ಮೆಸ್ ಎಂದು ಓಣಿಗೆಲ್ಲ ಕೇಳುವಂತೆ ಹೆಸರು ಹೇಳಿದ. ಆಮೇಲೆ ಚೀಟಿಯಲ್ಲಿದ್ದ ಇನ್ನೂ ಮೂರು ಹೆಸರು ಓದಿದ. ‘ನಮೋ ಮರಿಯಾ’ ಎಂದು ಶುರು ಮಾಡಿ, ಅರ್ಧದಲ್ಲಿ ತೊದಲಿ, ಮತ್ತೆ ಮೊದಲಿನಿಂದ ಹೇಳಿ ಮುಗಿಸಿದ.

ಆಗ ತಿತಾಯ್ ಬಾಯಿ ತೆರೆದಳು. ದನಿ ಹೊರಡಲಿಲ್ಲ, ಬರೀ ಅಳು ಬಂತು. ಅವಳು ಗಾಬರಿಯಿಂದ ಸುತ್ತ ನೋಡಿದಳು. ಆದರೆ ಜಪ ತಪ್ಪಲಿಲ್ಲ. ಅವಳ ಪಾಲಿನ ಅರ್ಧವನ್ನು ಓಣಿಯವರೆಲ್ಲ ಹೇಳುತ್ತಿದ್ದರು.